ಹದಿನೇಳನೇ ನಂಬರಿನ ಬಿಲ್ಲೆ

ಒಬ್ಬಳೇ ಬಂದಿದ್ದಳು. ಕೆಂಡನಿಗೆ ಮೊದಲ ಅನುಮಾನ ಹುಟ್ಟಿದ್ದೇ ಅಲ್ಲಿ.

ಮ್ಯೂಸಿಯಮ್ಮಿನಲ್ಲಿ ಖಾಸಗಿ ಸುತ್ತು ಹೊಡೆಯಲು ಬರುವವರ ಜಾತಕ ಅವನಿಗೆ ಬಾಯಿಪಾಠ. ಹೊಸದಾಗಿ ಮದುವೆಯಾದವರು ಬರುತ್ತಾರೆ. ಮಕ್ಕಳಿಗೆ ಚಿತ್ರಕಲೆಯ ರುಚಿ ಹತ್ತಿಸಿಯೇ ತೀರುತ್ತೇವೆಂದು ಹಟ ತೊಟ್ಟ ಅಪ್ಪ ಅಮ್ಮಂದಿರು ಬರುತ್ತಾರೆ. ನಿವೃತ್ತರಾಗಿ ಹೊತ್ತು ಹೋಗದ ಗೆಳೆಯರ ಗುಂಪು ಬರುತ್ತದೆ. ನಲವತ್ತು ನಿಮಿಷ, ಐದು ಕೋಣೆ, ಐದು ಚಿತ್ರ, ಜೊತೆಗೊಬ್ಬ ಗೈಡು. ಮಂಗಳವಾರ ಬೆಳಿಗ್ಗೆ ಮ್ಯೂಸಿಯಮ್ಮಿನ ಬಾಗಿಲು ತೆರೆಯುವ ಮುಂಚೆಯೇ ಒಂಟಿ ಹೆಂಗಸೊಬ್ಬಳು ಬಂದು, ಬೆಂಚಿನ ಮೇಲೆ ಆರು ಜನ ಗೈಡುಗಳು ಆಕಳಿಸುತ್ತ ಕೂತಿರುವಾಗ, ಅವರಲ್ಲಿ ಯಾರನ್ನೂ ಕಣ್ಣೆತ್ತಿ ನೋಡದೆ, "ನನಗೆ ಹದಿನೇಳನೇ ನಂಬರೇ ಬೇಕು" ಎಂದರೆ ಅದಕ್ಕೆ ಏನರ್ಥ?

ಹದಿನೇಳು ಕೆಂಡನ ಅಂಗಿಯ ಮೇಲಿತ್ತು. ಆದರೆ ಅವನದಲ್ಲ. ಹಿತ್ತಾಳೆಯ ಆ ಬಿಲ್ಲೆ ಅವನ ಸೋದರಮಾವನದು. ಇಪ್ಪತ್ತೆರಡು ವರ್ಷ ಅದೇ ಬಿಲ್ಲೆ ತೊಟ್ಟು ಮಾಮ ಆ ಕೋಣೆಗಳಲ್ಲಿ ಕಥೆ ಹೇಳಿದ್ದ. ಮೂರು ತಿಂಗಳ ಹಿಂದೆ ಗಂಟಲಿಗೆ ಆಪರೇಷನ್ ಆಗಿ ಮಾಮನ ಧ್ವನಿ ನಿಂತುಹೋಯಿತು. ವರ್ಷದೊಳಗೆ ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದು ಡಾಕ್ಟರು ಕೈ ಚೆಲ್ಲಿದರು. ಮ್ಯೂಸಿಯಮ್ಮಿನ ಕಾನೂನಿಗೆ ಗಂಟಲಿಲ್ಲ, ಕಿವಿಯೂ ಇಲ್ಲ. ಒಟ್ಟು ಇಪ್ಪತ್ತು ಬಿಲ್ಲೆ. ಯಾವ ಬಿಲ್ಲೆ ಎರಡು ತಿಂಗಳು ಕೆಲಸಕ್ಕೆ ಬರುವುದಿಲ್ಲವೋ ಅದು ರದ್ದು. ಒಬ್ಬರ ಬಿಲ್ಲೆ ಇನ್ನೊಬ್ಬರು ತೊಟ್ಟರೆ ಅವತ್ತೇ ರದ್ದು. ಹಾಗಾಗಿ ಮಾಮನ ಧ್ವನಿ ಬರುವತನಕ ಬಿಲ್ಲೆಯನ್ನು ಜೀವಂತ ಇಡಬೇಕೆಂದು ಕೆಂಡ ಅದನ್ನು ತಾನೇ ಚುಚ್ಚಿಕೊಂಡು ನಿಂತಿದ್ದ. ಬಾಗಿಲ ಕಾವಲಿನವರಿಗೆಲ್ಲ ಗೊತ್ತಿತ್ತು. ಮಾಮನ ಮೇಲಿನ ಪ್ರೀತಿಗೆ ಅವರು ಸುಮ್ಮನಿದ್ದರು. ಗೊತ್ತಿಲ್ಲದ್ದು ಹಿಂದಿನ ಕಟ್ಟಡದ ಆಫೀಸಿಗೆ ಮಾತ್ರ.

ಆ ಆಫೀಸು ಕಳೆದ ತಿಂಗಳು ಒಂದು ಹೊಸ ಆಟ ಶುರುಮಾಡಿತ್ತು. ಗಿರಾಕಿಯ ವೇಷದಲ್ಲಿ ತನ್ನವರನ್ನೇ ಕಳಿಸಿ ಗೈಡುಗಳನ್ನು ಪರೀಕ್ಷೆ ಮಾಡುವುದು. ಕೊಕ್ಕರೆ ಎಂದು ಎಲ್ಲರೂ ಕರೆಯುತ್ತಿದ್ದ ಉದ್ದ ಕಾಲಿನ ಗೈಡು ಸಿಕ್ಕಿಬಿದ್ದದ್ದು ಹಾಗೆಯೇ. ಯಾವನೋ ಚಿತ್ರಕಾರ ವಿಷ ಕುಡಿದು ಸತ್ತ ಎಂದು ಕೊಕ್ಕರೆ ಕಣ್ಣೀರು ಬರುವಂತೆ ಹೇಳಿದ್ದ. ಆ ಚಿತ್ರಕಾರ ಎಂಬತ್ತೊಂದು ವರ್ಷ ಬಾಳಿ ಹಾಸಿಗೆಯಲ್ಲಿ ಸತ್ತಿದ್ದನಂತೆ. ಎರಡೇ ದಿನಕ್ಕೆ ಬಿಲ್ಲೆ ರದ್ದೆಂದು ಕಾಗದ ಬಂತು.

"ನೀವೇನಾ ಹದಿನೇಳು?" ಎಂದಳು ಹೆಂಗಸು. ಮೂವತ್ತರ ಆಸುಪಾಸು. ದುಂಡು ಕನ್ನಡಕ, ಸದ್ದು ಮಾಡದ ಬೂಟು, ಕೈಯಲ್ಲಿ ಅಂಗೈಯಗಲದ ನೋಟ್‌ಬುಕ್ಕು.

"ಯಾಕೆ, ಹದಿನೆಂಟರ ಹಾಗೆ ಕಾಣ್ತೀನಾ?"

"ವಯಸ್ಸಾದವರು ಇರ್ತಾರೆ ಅಂದ್ಕೊಂಡಿದ್ದೆ."

"ಇರಿ, ನಲವತ್ತು ನಿಮಿಷ ಆಗ್ಲಿ. ಮುಗಿಯೋ ಹೊತ್ತಿಗೆ ನನಗೂ ವಯಸ್ಸಾಗಿರುತ್ತೆ."

ಅವಳು ನಕ್ಕಳು, ಆಮೇಲೆ ಕೈಗಡಿಯಾರ ನೋಡಿ ನೋಟ್‌ಬುಕ್ಕಿನಲ್ಲಿ ಏನೋ ಗೀಚಿದಳು. ಸಮಯ ಬರೆದುಕೊಂಡಳು, ಕಳ್ಳಿ, ಎಂದುಕೊಂಡ ಕೆಂಡ. ಅವನ ಮೈ ಆಗಲೇ ಬಿಸಿಯಾಗತೊಡಗಿತ್ತು. ಗೈಡುಗಳು ಅವನಿಗೆ ಕೆಂಡ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಎಂಟನೇ ಕ್ಲಾಸಿನಲ್ಲಿ ಮೇಷ್ಟ್ರು "ನಿನ್ನ ತಲೇಲಿರೋದು ಬರೀ ಹೊಟ್ಟು" ಎಂದಾಗ ಪುಸ್ತಕದ ಚೀಲವನ್ನು ಕಿಟಕಿಯಿಂದಾಚೆ ಎಸೆದು, ಅದರ ಹಿಂದೆಯೇ ತಾನೂ ಇಳಿದು ಹೋದವನು. ತಿರುಗಿ ಆ ಕಡೆ ತಲೆ ಹಾಕಿರಲಿಲ್ಲ. ಅವತ್ತಿನಿಂದ ನೋಟ್‌ಬುಕ್ಕಿನಲ್ಲಿ ತನ್ನ ಬಗ್ಗೆ ಬರೆಯುವ ಯಾರನ್ನು ಕಂಡರೂ ಅವನಿಗೆ ಆಗುತ್ತಿರಲಿಲ್ಲ.

ಅವಳನ್ನು ಗಮನಿಸುವ ಭರದಲ್ಲಿ ಅವನು ಗೈಡುಗಳ ಬೋರ್ಡಿಗೆ ಅಂಟಿಸಿದ್ದ ಹೊಸ ಚೀಟಿಯ ಕಡೆ ನೋಡಲೇ ಇಲ್ಲ.

ಸುತ್ತು ಶುರುವಾಯಿತು. ಗೈಡಿನ ನಡಿಗೆ ಬೇರೆಯವರ ನಡಿಗೆಯಂತಲ್ಲ, ಅವನು ಹಿಂದಕ್ಕೆ ನಡೆಯುತ್ತಾನೆ. ಗಿರಾಕಿಗೆ ಮುಖ, ಚಿತ್ರಕ್ಕೆ ಬೆನ್ನು. ಮಾಮ ಕಲಿಸಿದ್ದು ಅದನ್ನೇ. ಗಿರಾಕಿಯ ಮುಖ ಬಿಟ್ಟು ನೀನು ಗೋಡೆ ನೋಡಿದೆಯೋ, ಅವರೂ ನಿನ್ನ ಬಿಟ್ಟು ಬಾಗಿಲು ನೋಡ್ತಾರೆ ಎನ್ನುತ್ತಿದ್ದ, ಧ್ವನಿಯಿದ್ದ ಕಾಲದಲ್ಲಿ. ಒಂಬತ್ತು ವರ್ಷ ಮಾಮನ ಗುಂಪಿನ ಹಿಂದೆ ಬಾವುಟ ಹಿಡಿದು ನಡೆದ ಕೆಂಡನಿಗೆ ಮ್ಯೂಸಿಯಮ್ಮೆಲ್ಲ ಹೆಜ್ಜೆಯ ಲೆಕ್ಕದಲ್ಲಿತ್ತು. ಮೊದಲ ಕೋಣೆಯಲ್ಲಿ ಹೊಸಿಲಿನಿಂದ ಹನ್ನೊಂದು ಹೆಜ್ಜೆ ಹಿಂದೆ, ಬಲಗೈ ಮೇಲಕ್ಕೆ, "ಈ ಸಾಹುಕಾರನ ಬೆರಳು ನೋಡಿ". ಎರಡನೆಯದರಲ್ಲಿ ಹದಿನಾಲ್ಕು ಹೆಜ್ಜೆ, ಅರ್ಧ ತಿರುವು, ಬಡಗಿಗಳ ಚಿತ್ರ. ಕಣ್ಣು ಕಟ್ಟಿ ಬಿಟ್ಟರೂ ಒಂದು ಅಕ್ಷರ ತಪ್ಪುತ್ತಿರಲಿಲ್ಲ.

"ಈ ಸಾಹುಕಾರನ ಬೆರಳು ನೋಡಿ. ಉಂಗುರದ ಗುರುತಿದೆ, ಉಂಗುರ ಇಲ್ಲ. ಮೊದಲು ಬರೆದಿದ್ರು, ಆಮೇಲೆ ಅಳಿಸಿದಾರೆ. ಯಾಕೆ ಹೇಳಿ?"

"ಯಾಕೆ?"

"ಹೆಂಡತಿ ಬಂದು ನೋಡಿದ್ಲು. ಆ ಉಂಗುರ ಅವಳು ಕೊಟ್ಟಿದ್ದಲ್ಲ."

ಇಲ್ಲಿ ಎಲ್ಲರೂ ನಗುತ್ತಾರೆ. ಇವಳು ನಗಲಿಲ್ಲ. ಅವಳ ತುಟಿ ಸದ್ದಿಲ್ಲದೆ ಆಡುತ್ತಿತ್ತು. ಅವನು ಹೇಳಿದ ಮಾತನ್ನೇ ಬಾಯೊಳಗೆ ತಿರುಗಾ ಹೇಳಿಕೊಳ್ಳುತ್ತಿದ್ದಳು. ಆಮೇಲೆ ಕೇಳಿದಳು, "ಇಲ್ಲಿ ಜನ ಎಷ್ಟು ಹೊತ್ತು ನಗ್ತಾರೆ?"

"ಅಂದ್ರೆ?"

"ನೀವು ಎಷ್ಟು ಹೊತ್ತು ಬಿಟ್ಟು ಮುಂದಿನ ಮಾತು ತೆಗೀತೀರಿ ಅಂತ."

ಜಗತ್ತಿನಲ್ಲಿ ಯಾವ ಗಿರಾಕಿ ಇಂಥದ್ದನ್ನು ಕೇಳುತ್ತಾನೆ? "ಹಲ್ಲು ಒಣಗೋ ತನಕ" ಎಂದು ಮುಂದಿನ ಕೋಣೆಗೆ ಹಿಂದೆ ಹಿಂದೆ ಸರಿದ.

ಎರಡನೇ ಕೋಣೆಯಲ್ಲಿ ಅವಳು ಅವನ ಕಾಲನ್ನೇ ನೋಡುತ್ತಿದ್ದಳು. ಮೂರನೆಯದರಲ್ಲಿ, ಬಿದ್ದ ಕುದುರೆಯ ಚಿತ್ರದ ಮುಂದೆ, "ಯಾವಾಗಲೂ ಇದೇ ಜಾಗದಲ್ಲೇ ನಿಲ್ತೀರಾ?" ಎಂದಳು. ಹೌದೆಂದರೆ ತಪ್ಪೋ, ಇಲ್ಲವೆಂದರೆ ತಪ್ಪೋ ಗೊತ್ತಾಗದೆ "ನೆಲ ಎಲ್ಲಿ ಗಟ್ಟಿಯಾಗಿರುತ್ತೋ ಅಲ್ಲಿ" ಎಂದ. ಅದನ್ನೂ ಬರೆದುಕೊಂಡಳು! ಅವಳ ಪೆನ್ನು ಕಾಗದದ ಮೇಲೆ ಮಾಡುವ ಸಣ್ಣ ಕಿರ್ರ್ ಸದ್ದು ಅವನ ಹಲ್ಲಿನ ಬುಡಕ್ಕೆ ತಾಗುತ್ತಿತ್ತು. ಕಿತ್ತು ಎಸೆದುಬಿಡಲೇ ಎಂದು ಕೈ ತುರಿಸಿತು. ಮನೆಯಲ್ಲಿ ಸ್ಲೇಟು ಹಿಡಿದು ಕೂತ ಮಾಮನ ಮುಖ ನೆನಪಿಗೆ ಬಂದು ಕೈಯನ್ನು ಜೇಬಿಗೆ ತುರುಕಿದ. ಇವಳೊಬ್ಬಳಿಂದ ಇಪ್ಪತ್ತೆರಡು ವರ್ಷ ಮಣ್ಣುಪಾಲಾಗಬಾರದು. ಒಂದು ಮಾತೂ ತಪ್ಪಬಾರದು, ಒಂದು ಹೆಜ್ಜೆಯೂ ತಪ್ಪಬಾರದು.

ನಾಲ್ಕನೇ ಕೋಣೆ. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕಾವಲಿನಾಕೆ ಕೂತಿದ್ದಳು. ದಪ್ಪ ಮೈ, ದಪ್ಪ ಹುಬ್ಬು, ಮಾಮನಷ್ಟೇ ಹಳಬಳು. ಕೆಂಡ ಒಳಗೆ ಕಾಲಿಟ್ಟದ್ದೇ ತಡ ಅವಳು ಕಣ್ಣುಗುಡ್ಡೆಗಳನ್ನು ಗೋಡೆಯ ಕಡೆ ತಿರುಗಿಸಿದಳು, ಮತ್ತೆ ಅವನ ಕಡೆ, ಮತ್ತೆ ಗೋಡೆಯ ಕಡೆ. ಹುಬ್ಬು ಕುಣಿಸಿದಳು. ಕೆಂಡನಿಗೆ ಥಟ್ಟನೆ ಅರ್ಥವಾಯಿತು: ಹುಷಾರು, ಇವಳು ಆಫೀಸಿನವಳು. ಗೊತ್ತಾಯ್ತು ಅಂತ ತಾನೂ ಸಣ್ಣಗೆ ತಲೆಯಾಡಿಸಿದ. ಕಾವಲಿನಾಕೆ ಹಣೆ ಚಚ್ಚಿಕೊಂಡಳು. ಅದನ್ನೂ ಅವನು ಸರಿಯಾಗಿಯೇ ತಿಳಿದುಕೊಂಡ, ತನ್ನ ಲೆಕ್ಕದಲ್ಲಿ.

ಹದಿನಾರು ಹೆಜ್ಜೆ ಹಿಂದಕ್ಕೆ. ನಿಂತ. ಧ್ವನಿ ತಗ್ಗಿಸಿದ. ಇದು ಮಾಮನ ಅತ್ಯುತ್ತಮ ಕಥೆ. ಗಟ್ಟಿ ಗಂಡಸರೂ ಇಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು.

"ಈ ಬಿರುಗಾಳಿಯನ್ನು ಕಿವಿಯಿಂದ ನೋಡ್ಬೇಕು" ಎಂದ. "ಕೇಳಿಸ್ತಾ ಇದೆಯಾ? ಇಡೀ ಸಮುದ್ರ ಎದ್ದು ನಿಂತಿದೆ. ಈ ಹಡಗಿನಲ್ಲಿ ಇನ್ನೂರು ಜನ ಇದಾರೆ. ಒಬ್ಬರ ಮುಖವೂ ನಿಮಗೆ ಕಾಣಲ್ಲ. ಆದರೆ ಕೆಳಗೆ, ಎಡಗಡೆ ಮೂಲೇಲಿ, ಒಂದು ಕೈ. ನೀರೊಳಗಿಂದ ಎದ್ದ ಕೈ. ಅದು ಯಾರದ್ದು ಗೊತ್ತಾ? ಚಿತ್ರ ಬರೆದವನ ಸ್ವಂತ ತಮ್ಮನದು."

ಹೆಂಗಸು ಮುಂದೆ ಬಾಗಿ ನೋಡಿದಳು. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದಳು. "ಎಲ್ಲಿ?"

"ಎಡಗಡೆ. ಕೆಳಗೆ."

"ದಾಳಿಂಬೆ ಪಕ್ಕದಲ್ಲಾ?"

ಬಂತು, ಎಂದುಕೊಂಡ ಕೆಂಡ. ಇದೇ ಬಲೆ. ಇಲ್ಲದ್ದನ್ನು ಇದೆ ಅಂತ ಹೇಳಿ, ಹೂಂ ಅಂತಾನಾ ಇಲ್ಲವಾ ನೋಡುವುದು. "ಯಾವ ದಾಳಿಂಬೆ? ಸಮುದ್ರದಲ್ಲಿ ದಾಳಿಂಬೆ ಎಲ್ಲಿಂದ ಬರುತ್ತೆ, ಮೇಡಂ?"

"ಸಮುದ್ರ ಎಲ್ಲಿದೆ?"

"ನಿಮ್ಮ ಕಣ್ಣ ಮುಂದೆ ಇದೆ."

"ನನ್ನ ಕಣ್ಣ ಮುಂದೆ ಒಂದು ಬುಟ್ಟಿ ಇದೆ" ಎಂದಳು ಅವಳು ತುಂಬ ಮೆಲ್ಲಗೆ. "ಒಂದ್ಸಲ ತಿರುಗಿ ನೋಡಿ."

"ನಾನು ಯಾಕೆ ತಿರುಗ್ಲಿ? ಗಿರಾಕಿಗೆ ಬೆನ್ನು ತೋರಿಸಿದ ಅಂತ ಬರ್ಕೊಳೋಕಾ? ಈ ಚಿತ್ರ ನನ್ನ ಅಂಗೈ ಇದ್ದ ಹಾಗೆ, ತಿಳ್ಕೊಳಿ. ಇನ್ನೂರು ಜನ. ಹಡಗು. ಕೈ!"

"ಲೋ ಮುಠ್ಠಾಳ" ಎಂದಳು ಕಾವಲಿನಾಕೆ ಸ್ಟೂಲಿನಿಂದಲೇ. "ಹಡಗಿನ ಚಿತ್ರಾನ ನಿನ್ನೆ ತೊಳೆಯೋಕೆ ತಗೊಂಡು ಹೋದ್ರು ಕಣೋ, ಬೋರ್ಡಿಗೆ ಚೀಟಿ ಅಂಟಿಸಿದಾರಲ್ಲ. ಆಗ್ಲಿಂದ ಕಣ್ಣು ಹೊಡೆದು ಹೊಡೆದು ನನಗೆ ತಲೆನೋವು ಬಂತು."

ಕೆಂಡ ತಿರುಗಿದ.

ಹಣ್ಣಿನ ಬುಟ್ಟಿ. ಅಷ್ಟೇ ಅಗಲ, ಅಷ್ಟೇ ಎತ್ತರ, ಅಂಥದ್ದೇ ಚಿನ್ನದ ಬಣ್ಣದ ಚೌಕಟ್ಟು. ದ್ರಾಕ್ಷಿ, ಅಂಜೂರ, ಸೀಳಿದ ದಾಳಿಂಬೆ. ಇನ್ನೂರು ಜನರಲ್ಲಿ ಒಬ್ಬನೂ ಇಲ್ಲ.

ಮುಖಕ್ಕೆ ಏರಿದ ರಕ್ತ ಇಳಿಯಲಿಲ್ಲ. ಆ ಕ್ಷಣ ನಾಲ್ಕು ಜನರೆದುರು ಮೇಷ್ಟ್ರು ಕಿವಿ ಹಿಂಡಿದಂತಾಯಿತು ಅವನಿಗೆ. ತಿರುಗಿದವನೇ ಬಿಲ್ಲೆಯನ್ನು ಅಂಗಿಯಿಂದ ಕಿತ್ತು ಅವಳ ಮೂಗಿನ ಕೆಳಗೆ ಹಿಡಿದ. "ಸಿಕ್ತಲ್ಲಾ ನಿಮಗೆ ಬೇಕಾಗಿದ್ದು? ಬರ್ಕೊಳಿ. ಚೆನ್ನಾಗಿ ಬರ್ಕೊಳಿ! ಈ ಬಿಲ್ಲೆ ನಂದಲ್ಲ ಅಂತಾನೂ ಬರ್ಕೊಳಿ. ನಮ್ಮ ಮಾಮಂದು. ಅವನಿಗೆ ಮಾತು ನಿಂತುಹೋಗಿದೆ. ಮೂರು ತಿಂಗಳಿಂದ ನಾನು ತೊಟ್ಕೊಂಡು ಓಡಾಡ್ತಿದೀನಿ. ಅದಕ್ಕೇ ತಾನೆ ನಿಮ್ಮನ್ನ ಕಳಿಸಿದ್ದು? ಬಾಯಿಲ್ಲದ ಮನುಷ್ಯನ ಹೊಟ್ಟೆ ಮೇಲೆ ಹೊಡೆಯೋಕೆ ಅಷ್ಟು ದೊಡ್ಡ ಆಫೀಸು, ಇಷ್ಟು ಚಿಕ್ಕ ನೋಟ್‌ಬುಕ್ಕು! ನಾಚಿಕೆ ಆಗಲ್ವಾ?"

ಕಾವಲಿನಾಕೆ ಮೇಲಕ್ಕೆ ನೋಡುತ್ತ, "ನನಗೆ ಬೆಳಿಗ್ಗೆಯಿಂದ ಕಿವಿ ಗುಂಯ್ ಅಂತಿದೆಯಪ್ಪ, ಏನೂ ಕೇಳಿಸ್ತಿಲ್ಲ" ಎಂದು ಚಾವಣಿಗೆ ಹೇಳಿದಳು.

"ನನ್ನ ಯಾರೂ ಕಳಿಸಿಲ್ಲ" ಎಂದಳು ಹೆಂಗಸು. "ಹಳಬರು ಯಾರೋ ಬಿಟ್ಟ ನಂಬರು ನಿಮಗೆ ಬಂದಿರ್ಬೇಕು ಅಂದ್ಕೊಂಡಿದ್ದೆ. ನಾನು ಗೈಡ್ ಪರೀಕ್ಷೆ ಪಾಸಾಗಿದೀನಿ. ಹದಿನೇಳನೇ ನಂಬರು ಹೇಳೋ ಹಾಗೆ ಯಾರೂ ಹೇಳಲ್ಲ, ಒಂದ್ಸಲ ಕೇಳಿ ನೋಡು ಅಂತ ಎಲ್ರೂ ಹೇಳಿದ್ರು. ಅದಕ್ಕೇ ಬಂದೆ. ಹ್ಯಾಗೆ ನಿಲ್ತಾರೆ, ಹ್ಯಾಗೆ ಹಿಂದೆ ನಡೀತಾರೆ, ಎಲ್ಲಿ ನಗಿಸ್ತಾರೆ, ನೋಡ್ಕೊಳೋಣ ಅಂತ."

"ಪಾಸಾಗಿದ್ರೆ ಬಿಲ್ಲೆ ಎಲ್ಲಿ?"

"ಖಾಲಿ ಇಲ್ಲ. ಎರಡು ವರ್ಷದಿಂದ ಕಾಯ್ತಿದೀನಿ. ಕೊಕ್ಕರೆ ಬಿಲ್ಲೆ ನನಗಿಂತ ಮುಂದಿದ್ದವರಿಗೆ ಹೋಯ್ತು. ಈಗ ಪಟ್ಟೀಲಿ ನಂದೇ ಮೊದಲ ಹೆಸರು." ಕನ್ನಡಕ ಮೇಲಕ್ಕೆ ತಳ್ಳಿದಳು. "ಒಂದು ಬಿಲ್ಲೆ ಖಾಲಿಯಾದ್ರೆ ಸಾಕು."

ಇಬ್ಬರೂ ಅವನ ಅಂಗೈಯ ಬಿಲ್ಲೆ ನೋಡಿದರು.

ಕೆಂಡ ಮುಷ್ಟಿ ಬಿಗಿದು ಬಿಲ್ಲೆಯನ್ನು ಮುಚ್ಚಿದ. ಇವಳಿಗೆ ಏನೂ ಗೊತ್ತಿರಲಿಲ್ಲ. ಇವಳು ಏನನ್ನೂ ಹುಡುಕಿಕೊಂಡು ಬಂದಿರಲಿಲ್ಲ. ತಾನೇ ಬಾಯಿ ಬಡಿದುಕೊಂಡು, ಕರೆದು, ಕೈಗೆ ಕೊಟ್ಟ.

"ಹೋಗಿ ಹೇಳ್ತೀರಿ ಅಲ್ವಾ?" ಎಂದ.

"ಸುಳ್ಳು ಹೇಳಲ್ಲ. ಹೇಳಿದ್ರೂ ಹೇಳಬಹುದು" ಎಂದಳು. "ಎರಡು ವರ್ಷ ಚಿಕ್ಕದಲ್ಲ. ಮನೇಲಿ ದಿನಾ ಕೇಳ್ತಾರೆ. ನಂಗೆ ಯೋಚಿಸ್ಬೇಕು." ನೋಟ್‌ಬುಕ್ಕು ಮುಚ್ಚಿದಳು. "ಇನ್ನೊಂದು ಕೋಣೆ ಇದೆ. ಹನ್ನೊಂದು ನಿಮಿಷ ಉಳಿದಿದೆ."

"ನೀವೇ ನೋಡ್ಕೊಳಿ. ನಿಮಗೆ ಎಲ್ಲಾ ಕಾಣುತ್ತಲ್ಲ."

ಅವಳು ಹೋದಳು. ಬೂಟು ಸದ್ದು ಮಾಡಲಿಲ್ಲ.

ಮಧ್ಯಾಹ್ನ ಮನೆಗೆ ಬಂದಾಗ ಅತ್ತೆ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಯಾರದೋ ಕೋಟಿನ ಅಸ್ತರು ಬಿಚ್ಚುತ್ತಿದ್ದಳು. ಮಾಮ ಕಿಟಕಿಯ ಹತ್ತಿರ, ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು, ತೊಡೆಯ ಮೇಲೆ ಸ್ಲೇಟು. ಕೆಂಡ ನಿಂತಲ್ಲೇ ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ಆ ಹೆಂಗಸನ್ನು ಬೈದ, ಆಫೀಸನ್ನು ಬೈದ, ಸೋಮವಾರ ರಜೆ ಸಿಕ್ಕಿತೆಂದು ಚಿತ್ರ ಬದಲಿಸುವವರನ್ನು ಬೈದ. "ನಾಳೆ ಹೊತ್ತಿಗೆ ಹೇಳಿರ್ತಾಳೆ, ನೋಡ್ತಿರಿ. ಮುಖ ನೋಡಿದ್ರೇ ಗೊತ್ತಾಗುತ್ತೆ. ಓದಿದವರಿಗೆ ಕರುಳು ಎಲ್ಲಿರುತ್ತೆ?"

ಮಾಮ ಸ್ಲೇಟಿನ ಮೇಲೆ ಬರೆದು ತಿರುಗಿಸಿದ: ಬುಟ್ಟಿಯಲ್ಲಿ ಏನೇನು ಹಣ್ಣು?

"ಏನು ಮಾಮ, ಬಿಲ್ಲೆ ಹೋಗ್ತಿದೆ ಅಂದ್ರೆ ಹಣ್ಣು ಕೇಳ್ತೀಯಲ್ಲ? ದಾಳಿಂಬೆ... ದ್ರಾಕ್ಷಿ. ಇನ್ನೇನೋ."

ಮಾಮ ಅಳಿಸಿ ಬರೆದ: ಹಡಗಿಗೆ ಹಾಯಿ ಎಷ್ಟು?

"ಮೂರು."

"ಎರಡು ಕಣೋ" ಎಂದಳು ಅತ್ತೆ ದಾರ ಕಚ್ಚುತ್ತ. "ಒಂದು ಹರಿದಿದೆ. ಮದುವೆಯಾದ ವಾರ ನನ್ನ ಕರ್ಕೊಂಡು ಹೋಗಿ ಮುಕ್ಕಾಲು ಗಂಟೆ ಅದರ ಮುಂದೆ ನಿಲ್ಲಿಸಿದ್ರು. ಕಾಲು ನೋವು ಅಂದ್ರೂ ಬಿಡ್ಲಿಲ್ಲ. ನಾನು ಮರೆತೀನಾ?"

ಮಾಮ ಮತ್ತೆ ಬರೆದ: ನೀರಿನ ಬಣ್ಣ?

ಕೆಂಡ ಬಾಯಿ ತೆರೆದ. ನೀಲಿ ಎನ್ನಲು ಹೊರಟವನು ಮಾಮನ ಕಣ್ಣು ನೋಡಿ ನಿಲ್ಲಿಸಿದ. ಒಂಬತ್ತು ವರ್ಷ ಬಾವುಟ ಹಿಡಿದು ಗುಂಪಿನ ಹಿಂದೆ ನಿಂತಿದ್ದ. ಆಗ ಅವನ ಕಣ್ಣೆಲ್ಲ ಮಾಮನ ಬಾಯಿಯ ಮೇಲೆ, ಕಾಲಿನ ಮೇಲೆ. ಆಮೇಲೆ ಮೂರು ತಿಂಗಳು ಬೆನ್ನು. ಆ ನೀರನ್ನು ಅವನು ಯಾವತ್ತೂ ನೋಡಿರಲಿಲ್ಲ.

ಮಾಮ ಈ ಸಲ ತುಂಬ ಹೊತ್ತು ಬರೆದ. ಬಳಪ ಮುರಿಯಿತು, ತುಂಡಿನಲ್ಲೇ ಮುಂದುವರಿಸಿದ. "ನಾನು ಚಿತ್ರಕ್ಕೆ ಬೆನ್ನು ಹಾಕಿ ನಿಲ್ಲೋದು, ಅದನ್ನ ನೋಡಿ ನೋಡಿ ಅದು ನನ್ನೊಳಗೆ ಬಂದಿರೋದಕ್ಕೆ. ನೀನು ಏನನ್ನೂ ನೋಡದೆ ನನ್ನ ಮಾತನ್ನ ಒಪ್ಪಿಸ್ತಿದ್ದೆ. ನೋಡೋದನ್ನ ನಾನು ಕಲಿಸಲಿಲ್ಲ, ತಪ್ಪು ನಂದು." ಅಳಿಸಿ, ಕೆಳಗೆ ದೊಡ್ಡಕ್ಷರದಲ್ಲಿ: "ನಾಳೆ ಆಫೀಸಿಗೆ. ಬಿಲ್ಲೆ ವಾಪಸ್ಸು."

"ಅಯ್ಯೋ, ಇಬ್ಬರಿಗೂ ಹುಚ್ಚು ಹಿಡೀತಾ?" ಎಂದಳು ಅತ್ತೆ. ಮೆಷಿನ್ನು ನಿಂತಿತು. "ಅವಳು ಹೇಳ್ತಾಳೋ ಇಲ್ವೋ, ಇವರೇ ಹೊತ್ಕೊಂಡು ಹೋಗ್ತಾರಂತೆ! ನಾಳೆ ಧ್ವನಿ ಬಂದ್ರೆ ಏನು ಮಾಡ್ತೀರಿ? ಬಚ್ಚಲಲ್ಲಿ ಹಾಡ್ತೀರಾ?"

ಮಾಮ ಹೂಂ ಎಂದು ತಲೆಯಾಡಿಸಿದ. ಅತ್ತೆ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಅದು ಗಿರಾಕಿಯ ಕೋಟೆಂದು ನೆನಪಾಗಿ ತನ್ನನ್ನೇ ಬೈದುಕೊಂಡಳು.

ಮಾರನೆಯ ಬೆಳಿಗ್ಗೆ ಆಫೀಸಿನ ಮೆಟ್ಟಿಲು ಹತ್ತುವಾಗಲೂ ಕೆಂಡನ ಬಾಯಿ ನಿಂತಿರಲಿಲ್ಲ. "ನೋಡು, ನಾವು ಒಳಗೆ ಹೋಗೋದ್ರೊಳಗೆ ಅವಳು ಬಂದು ಕೂತಿರ್ತಾಳೆ. ಅರ್ಜಿ ಬರ್ಕೊಂಡು ಬಂದಿರ್ತಾಳೆ. ನಾನು ಹೇಳಿದ್ದು ಸುಳ್ಳಾದ್ರೆ ಕೇಳು."

ಒಳಗೆ ಯಾರೂ ಇರಲಿಲ್ಲ. ಗುಮಾಸ್ತ ಒಬ್ಬನೇ ರಬ್ಬರ್ ಸ್ಟಾಂಪುಗಳ ಧೂಳು ಒರೆಸುತ್ತಿದ್ದ. ಮಾಮನನ್ನು ನೋಡಿ ಎದ್ದು ನಿಂತ. "ಬನ್ನಿ ಬನ್ನಿ ಹದಿನೇಳು! ಹ್ಯಾಗಿದೆ ಗಂಟಲು? ಕೆಲಸ ನಡೀತಿದೆಯಂತೆ, ರಿಜಿಸ್ಟರ್‌ನಲ್ಲಿ ಪ್ರತಿ ದಿನ ನಿಮ್ಮ ನಂಬರು ನೋಡ್ತಿದೀನಿ. ಧ್ವನಿ ಬಂತು ಅಂತ ಖುಷಿಯಾಯ್ತು ನನಗೆ."

ಕೆಂಡ ಗುಮಾಸ್ತನ ಮುಖವನ್ನು ಮೂಲೆ ಮೂಲೆ ಹುಡುಕಿದ. ಅದರಲ್ಲಿ ಏನೂ ಇರಲಿಲ್ಲ. "ನಿನ್ನೆ ಇಲ್ಲಿಗೆ ಯಾರಾದ್ರೂ ಹೆಂಗಸು ಬಂದಿದ್ರಾ? ಕನ್ನಡಕ?"

"ಯಾರೂ ಇಲ್ವಲ್ಲ. ಬಾಗಿಲು ಹಾಕೋ ತನಕ ನಾನೇ ಇದ್ದೆ. ಯಾಕೆ?"

ಅವಳು ಹೇಳಿರಲಿಲ್ಲ.

ಕೆಂಡ ಮಾಮನ ತೋಳು ಹಿಡಿದು ಬಾಗಿಲ ಕಡೆ ಎಳೆದ. "ಮಾಮ, ಹೇಳಿಲ್ಲ ಅವಳು" ಎಂದು ಕಿವಿಯಲ್ಲಿ ಬಿಸಿಯುಸಿರು ಬಿಟ್ಟ. "ಇವತ್ತೂ ಹೇಳದೆ ಇರಬಹುದು. ಬಾ ಹೋಗೋಣ. ಈಗಿಂದೀಗಲೇ ಹೋಗಿ ಎಲ್ಲ ಚಿತ್ರಾನೂ ನೋಡ್ತೀನಿ, ಒಂದೊಂದರ ಮುಂದೆ ಒಂದೊಂದು ಗಂಟೆ ನಿಲ್ತೀನಿ. ಆಣೆಗೂ."

ಮಾಮ ಅಲುಗಾಡಲಿಲ್ಲ. ಸ್ಲೇಟನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಬಂದಿದ್ದ. ಬಿಲ್ಲೆ ಕೆಂಡನ ಜೇಬಿನಲ್ಲಿತ್ತು, ಧ್ವನಿ ಕೆಂಡನ ಗಂಟಲಿನಲ್ಲಿತ್ತು. ಮಾಮ ಅವನನ್ನೇ ನೋಡುತ್ತ ಕಾದ. ಆ ನೋಟದಲ್ಲಿ ಬಲವಂತ ಇರಲಿಲ್ಲ. ಅದೇ ಕೆಂಡನಿಗೆ ಸಹಿಸಲಾಗದ್ದು.

"ಏನು ವಿಷಯ?" ಎಂದ ಗುಮಾಸ್ತ. "ಹೊಸ ಪಿನ್ನು ಬೇಕಾ ಬಿಲ್ಲೆಗೆ?"

ಹೌದು ಎಂದರೆ ಮುಗಿಯುತ್ತಿತ್ತು. ಪಿನ್ನು ತೆಗೆದುಕೊಂಡು ಹೋಗಬಹುದಿತ್ತು. ಎಲ್ಲೋ ಕೂತು ಯೋಚಿಸುತ್ತಿರುವ ಆ ಹೆಂಗಸು ಇನ್ನೆರಡು ವರ್ಷ ಯೋಚಿಸುತ್ತಲೇ ಇರಬಹುದಿತ್ತು. ಅವಳ ಮೇಲೆ ಅವನಿಗೆ ಈಗ ನಿನ್ನೆಗಿಂತ ಹೆಚ್ಚು ಸಿಟ್ಟು ಬಂತು. ಹೇಳಿಬಿಟ್ಟಿದ್ದರೆ ಎಷ್ಟು ಸುಲಭವಿತ್ತು, ಬೈಯಲು ಒಬ್ಬರಾದರೂ ಇರುತ್ತಿದ್ದರು!

ಬಿಲ್ಲೆಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಬಡಿದಿಟ್ಟ. ಸ್ಟಾಂಪುಗಳು ಕುಣಿದವು.

"ಮೂರು ತಿಂಗಳಿಂದ ನಮ್ಮ ಮಾಮ ಬಂದಿಲ್ಲ. ನಾನು ಬಂದಿದೀನಿ. ಬರ್ಕೊಳ್ರೀ."

ಗುಮಾಸ್ತ ಬಿಲ್ಲೆ ನೋಡಿದ, ಮಾಮನನ್ನು ನೋಡಿದ, ಹೋಗಿ ಬಾಗಿಲು ಮುಂದೆ ಮಾಡಿ ಬಂದ. "ಲೋ, ಯಾರೂ ದೂರು ಕೊಟ್ಟಿಲ್ಲ. ಯಾಕೆ ಮೈಮೇಲೆ ಎಳ್ಕೊಳ್ತೀಯಾ?"

"ಬರ್ಕೊಳಿ ಅಂದೆ."

ಗುಮಾಸ್ತ ನಿಟ್ಟುಸಿರು ಬಿಟ್ಟು ಫಾರಂ ಎಳೆದುಕೊಂಡ. ನಂಬರು ಬರೆದ, ತಾರೀಖು ಬರೆದ. ಬರೆಯುತ್ತ ಬಾಯಲ್ಲಿ ಹೇಳಿಕೊಂಡ, "ಬಿಲ್ಲೆ ಹಿಂದಿರುಗಿಸಲು ಕಾರಣ... ಅನಾರೋಗ್ಯ ಅಂತ ಹಾಕ್ತೀನಿ. ಮರ್ಯಾದೆಯಾಗಿರುತ್ತೆ. ಕಳ್ಳತನದ ಮಾತೇ ಬೇಡ."

"ಅನಾರೋಗ್ಯ ಅಲ್ಲ."

"ಮತ್ತೇನಂತ ಬರೀಲಿ?"

ಕೆಂಡ ಮಾಮನ ಕಡೆ ನೋಡಲಿಲ್ಲ. "ಚಿತ್ರ ನೋಡದೆ ಕಥೆ ಹೇಳಿದ್ದಕ್ಕೆ ಅಂತ ಬರೀರಿ."

"ಅಂಥಾ ಕಾರಣ ಇದರಲ್ಲಿಲ್ಲ ಕಣಯ್ಯ. ನಾಲ್ಕೇ ಇರೋದು. ಅನಾರೋಗ್ಯ, ವಯಸ್ಸು, ಮರಣ, ಶಿಸ್ತು."

"ಇಲ್ಲದಿದ್ರೆ ಕೆಳಗೆ ಒಂದು ಗೆರೆ ಎಳೆದು ಐದನೇದು ಬರೀರಿ! ಜಾಗ ಇಲ್ವಾ? ಇಷ್ಟು ದೊಡ್ಡ ಕಾಗದ!"

ಗುಮಾಸ್ತ ಮಾಮನ ಕಡೆ ನೋಡಿದ. ಮಾಮ ಮುಂದೆ ಬಂದು, ಮೇಜಿನ ಮೇಲಿದ್ದ ಸ್ಕೇಲನ್ನು ತೆಗೆದು, ಗೆರೆ ನೆಟ್ಟಗೆ ಬರಲೆಂದು ಗುಮಾಸ್ತನ ಕೈಗೆ ಕೊಟ್ಟ.